ಮಿಷನ್ ಕೆಳಗಿನ ಕಂಬಳಿ

ಮೇಲಿನ ಮನೆಯ ಟೈಲರಮ್ಮನಿಗೆ,

ನಿನ್ನೆ ನೀನು ಬಾಗಿಲಿಗೆ ಬಂದು ಹೊಲಿಗೆ ಮಿಷನ್ ಸದ್ದಿಗೆ ಕ್ಷಮೆ ಕೇಳಿದೆಯಲ್ಲ, ನಾನು ಬಾಯಿ ತೆರೆಯುವ ಮೊದಲೇ "ಕೆಳಗೆ ಕಂಬಳಿ ಹಾಸಿದ್ದೀನಿ ಅಂಕಲ್, ಇನ್ನು ತೊಂದರೆ ಆಗಲ್ಲ" ಅಂದು ಮೆಟ್ಟಿಲು ಹತ್ತಿಬಿಟ್ಟೆ.

ನನ್ನ ಹೆಂಡತಿಯೂ ಹೊಲಿಯುತ್ತಿದ್ದಳು. ರಾತ್ರಿ ಬಸ್ಸು ಓಡಿಸಿ ಹಗಲು ಮಲಗುತ್ತಿದ್ದ ನಾನು, "ನಿಲ್ಲಿಸೇ ಆ ದರಿದ್ರ ಸದ್ದು" ಅಂತ ಮೂವತ್ತು ವರ್ಷ ರೇಗಿದೆ. ಅವಳೂ ಕಂಬಳಿ ಹಾಸಿದಳು. ಅದೂ ಸಾಲದಾಗ, ನಾನು ಏಳುವ ತನಕ ಮಿಷನ್ ಮುಟ್ಟದೆ ಕೈಯಲ್ಲೇ ಹೊಲಿಯುತ್ತ ಕೂತಳು. "ನೀವು ರಿಟೈರ್ ಆಗಿ, ಆಮೇಲೆ ದಿನವಿಡೀ ತುಳೀತೀನಿ. ನೀವು ಪಕ್ಕದಲ್ಲಿ ಕೂತು ಗುಂಡಿ ಹೊಲಿದುಕೊಡಿ" ಅನ್ನೋಳು. ನಾನು ರಿಟೈರಾದ ತಿಂಗಳೇ ಹೋಗಿಬಿಟ್ಟಳು.

ನೀನು ಮೇಲಿನ ಮನೆಗೆ ಬಂದಾಗಿನಿಂದ ಮಧ್ಯಾಹ್ನ ಆ ಸದ್ದು ಕೇಳುತ್ತ ಕಣ್ಣು ಮುಚ್ಚುತ್ತಿದ್ದೆ. ಒಳ್ಳೆ ನಿದ್ದೆ ಬರುತ್ತಿತ್ತು. ಅದಕ್ಕೆ ನಿನಗೆ ಋಣಿ. ಇವತ್ತು ಎಷ್ಟು ಕಿವಿಗೊಟ್ಟರೂ ಏನೂ ಕೇಳಿಸಲಿಲ್ಲ.

ಆ ಕಂಬಳಿ ತೆಗೆದುಬಿಡು ತಾಯಿ.

ಗುಂಡಿ ಹೊಲಿಯುವ ಬಟ್ಟೆ ಇದ್ದರೆ ಕಳಿಸು. ಅವಳು ಹೋದ ಮೇಲೆ ಕಲಿತಿದ್ದೇನೆ.

ಇಂತಿ,
ಕೆಳಗಿನ ಮನೆಯ ಡ್ರೈವರ್