ಚಿಕ್ಕಿ ಒಪ್ಪಿದ ಕಂಪ್ರೆಸರ್

ಫೆಬ್ರವರಿ 3, ಮಂಗಳವಾರ. ಬೆಳಿಗ್ಗೆ.

ಶ್ರೀಮದ್ ವಾಯುಕುಲತಿಲಕ, ಟ್ಯೂಬುಜನಪರಿಪಾಲಕ, ಪಂಕ್ಚರ್‌ಗರ್ವಭಂಜನ, ಇನ್ನೂ ನಮ್ಮ ಮನೆಗೆ ಬಾರದಿರುವ ಏರ್ ಕಂಪ್ರೆಸರ್ ಮಹಾಪ್ರಭುಗಳ ದಿವ್ಯ ಸನ್ನಿಧಾನಕ್ಕೆ — ಕಂಪ್ರೆಸರ್ ಆಯ್ಕೆ ಸಮಿತಿಯ ಅಧ್ಯಕ್ಷನೂ, ಕಾರ್ಯದರ್ಶಿಯೂ, ಏಕೈಕ ಸದಸ್ಯನೂ ಆದ ನಂದೀಶನು ಹಲ್ಲುಜ್ಜುವ ಮೊದಲೇ ಮಾಡಿಕೊಳ್ಳುವ ಬಿನ್ನಹ.

ಈ ಹೊತ್ತಿನ ವರದಿ: ಸೌಮ್ಯಕ್ಕ ಕಾಲುಪಂಪ್ ಒತ್ತುತ್ತಿದ್ದಾಳೆ. ಇನ್ನೂ ಒತ್ತುತ್ತಿದ್ದಾಳೆ. ಅಂಗಳದಲ್ಲಿ ಜಯಪ್ರಕಾಶಣ್ಣನ ಜೀಪು. ಒಂದು ಚಕ್ರ ಚಪ್ಪಟೆ. ಒಳಗೆ ಕಾಫಿ ಪಿಕಿಂಗ್‌ಗೆ ಹೊರಟ ಹೆಂಗಸರು, ಬುತ್ತಿ ಮಡಿಲಲ್ಲಿಟ್ಟುಕೊಂಡು ಸಿನಿಮಾ ನೋಡುವಂತೆ ಅಕ್ಕನನ್ನು ನೋಡುತ್ತಿದ್ದಾರೆ.

"ಸೌಮ್ಯಾ, ಈ ಟೈರ್ ತುಂಬೋ ಹೊತ್ತಿಗೆ ಮುಂದಿನ ವರ್ಷದ ಕಾಫಿ ಹಣ್ಣಾಗಿರ್ತದೆ ಕಣಮ್ಮ," ಅಂದರು ಜಯಪ್ರಕಾಶಣ್ಣ.

"ಆಗ್ಲೂ ನಿಮ್ಮ ಟೈರ್ ಇದೇ ಇರ್ತದೆ ಬಿಡಣ್ಣ. ಬೋಳು."

ನಕ್ಕರು. ಆಮೇಲೆ ತಗ್ಗಿದ ದನಿಯಲ್ಲಿ: "ಕೈಕೆಲಸ ಚೆನ್ನಾಗದೆ ನಿಂದು. ಗಾಳಿ ಮಿಷಿನ್ ಒಂದು ಹಾಕು. ನಮ್ಮ ಸ್ಟ್ಯಾಂಡಿನ ಜೀಪೆಲ್ಲಾ ಇಲ್ಲಿಗೇ ಕಳಿಸ್ತೀನಿ. ಪಿಕಿಂಗ್ ಮುಗಿಯೋದ್ರೊಳಗೆ ಮಾತ್ರ. ಆಮೇಲೆ ಜೀಪ್ ಮಲಗ್ತವೆ, ಜನ ಮರೀತಾರೆ."

ಅಕ್ಕ ಪಂಪನ್ನು ಇನ್ನಷ್ಟು ಜೋರಾಗಿ ಒತ್ತಿದಳು.

ಅಕ್ಕ ಐಟಿಐ ಮೆಕ್ಯಾನಿಕ್. ಕುಶಾಲನಗರದ ಒಂದು ಸರ್ವಿಸ್ ಸೆಂಟರ್‌ನಲ್ಲಿ ಇದ್ದಳು. ಕೈಗೆ ಸ್ಪ್ಯಾನರ್ ಬದಲು ಬಿಲ್ ಬುಕ್ ಕೊಟ್ಟು ಕೂರಿಸಿದರು ಅಂತ ಬಿಟ್ಟು ಬಂದಳು. ಈಗ ಕೊಟ್ಟಿಗೆ ಪಕ್ಕದ ಶೆಡ್ಡೇ ಅವಳ ಗ್ಯಾರೇಜ್. ಕಂಪ್ರೆಸರ್‌ಗೆ ಬೇಕಾದ ದುಡ್ಡು ಕೂಡಿಟ್ಟಿದ್ದಾಳೆ. ಅಡ್ಡ ನಿಂತಿರುವುದು ಅಪ್ಪ. ಅಪ್ಪನ ಹಿಂದೆ ನಿಂತಿರುವುದು ಚಿಕ್ಕಿ.

ಚಿಕ್ಕಿ ನಮ್ಮ ಹಸು. ಹಣೆಯಲ್ಲಿ ಬಿಳಿ ಬೊಟ್ಟು. ಮನೆಯಲ್ಲಿ ಅಪ್ಪ ಏಕವಚನದಲ್ಲಿ ಬೈಯದ ಒಂದೇ ಜೀವ.

"ಗೋಡೆ ಆಚೆ ಮಿಷಿನ್ ಬಡ್ಕೊಂಡ್ರೆ ಅವ್ರು ಹಾಲು ಬಿಡ್ತಾರೇನ್ಲಾ?" ಅನ್ನುವುದು ಅಪ್ಪನ ವಾದ.

ಸಮಿತಿ ವಿಷಯವನ್ನು ಗಂಭೀರವಾಗಿ ಪರಿಗಣಿಸಿದೆ.

ಫೆಬ್ರವರಿ 5, ಗುರುವಾರ.

ಕುಶಾಲನಗರ. ಧರ್ಮೇಂದ್ರಣ್ಣನ ಹಾರ್ಡ್‌ವೇರ್ ಅಂಗಡಿ. ಅಭ್ಯರ್ಥಿಗಳು ಮೂವರು.

ಒಂದು — ಚಿಕ್ಕದು, ಕೆಂಪು, ಎತ್ತಿಕೊಂಡು ಓಡಬಹುದು. ಸ್ವಿಚ್ ಹಾಕಿದರೆ ಹಂದಿ ಹಿಡಿದ ಹಾಗೆ ಕಿರುಚುತ್ತದೆ. ಎರಡು — ಸೈಲೆಂಟ್ ಮಾಡೆಲ್. ಹಲ್ಲಿನ ಡಾಕ್ಟರ ಹತ್ತಿರ ಇರುವಂಥದ್ದು. ಒಳ್ಳೆಯ ಮನೆತನದ ಹುಡುಗಿಯಂತೆ ಮೆಲ್ಲಗೆ ಗುಂಯ್ ಅನ್ನುತ್ತದೆ. ಮೂರು — ಬೆಲ್ಟ್ ಹಾಕಿದ ಎರಡು ಎಚ್‌ಪಿ. ನೀಲಿ. ಹೊಟ್ಟೆ ದೊಡ್ಡದು. ಗುಡುಗುಡುಗುಡು... ನಿಲ್ಲಿಸಿ ಗಾಳಿ ಬಿಟ್ಟರೆ ಫುಸ್ಸ್.

ಸಮಿತಿಯ ಒಲವು ಕೆಂಪಿನತ್ತ. ಬಣ್ಣದ ಕಾರಣ.

"ಅದು ಸೈಕಲ್‌ಗೆ ಸಾಕು," ಅಂದಳು ಅಕ್ಕ. "ಜೀಪಿನ ಟೈರಿಗೆ ಹಾಕಿದ್ರೆ ಮಧ್ಯೆ ಮಧ್ಯೆ ಕಾಯ್ತಾ ಕೂರ್ಬೇಕು." ಧರ್ಮೇಂದ್ರಣ್ಣ ಟ್ಯಾಂಕ್ ಎಷ್ಟು ಲೀಟರ್ ಅಂತ ಹೇಳಲು ಶುರುಮಾಡಿದರು. ಇವಳು ಟ್ಯಾಂಕ್ ಬಿಟ್ಟು, ನಿಮಿಷಕ್ಕೆ ಎಷ್ಟು ಗಾಳಿ ಕೊಡುತ್ತದೆ ಅಂತ ಕೇಳಿದಳು. ಅವರು ಕನ್ನಡಕ ಹಾಕಿಕೊಂಡರು.

"ಸೈಲೆಂಟ್ ತಗೋಮ್ಮ. ಹಸುಗೂ ನೆಮ್ಮದಿ."

"ಅದು ಕೆಟ್ರೆ ಬಿಚ್ಚಕ್ಕಾಗಲ್ಲಣ್ಣ. ಇದು ಕೆಟ್ರೆ ಬೆಲ್ಟ್ ನಾನೇ ಹಾಕ್ತೀನಿ, ಆಯಿಲ್ ನಾನೇ ಬದಲಾಯಿಸ್ತೀನಿ." ನೀಲಿಯ ಹೊಟ್ಟೆ ತಟ್ಟಿದಳು. ಅಪ್ಪ ಚಿಕ್ಕಿಯ ಬೆನ್ನು ತಟ್ಟುವ ಹಾಗೇ.

ಆದರೆ ಮೂವರಲ್ಲಿ ಹೆಚ್ಚು ಅಬ್ಬರ ಇದರದೇ. ಅಪ್ಪ ಒಪ್ಪುವುದುಂಟೇ. ಬಸ್ಸಿನಲ್ಲಿ ಅಕ್ಕ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು.

ಅವಳಿಗೆ ಗೊತ್ತಿಲ್ಲ — ಮೂವರ ಕಂಠವನ್ನೂ ಸಮಿತಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದೆ. ತೀರ್ಪನ್ನು ಚಿಕ್ಕಿಯವರೇ ಕೊಡಲಿ.

ಫೆಬ್ರವರಿ 6, ಶುಕ್ರವಾರ.

ಪ್ರಥಮ ವಿಚಾರಣೆ. ಬ್ಲೂಟೂತ್ ಸ್ಪೀಕರ್ ಹುಲ್ಲಿನ ಅಟ್ಟದಲ್ಲಿ. ಅಮ್ಮ ಹಾಲು ಕರೆಯಲು ಕೂತಿದ್ದಳು. ಕೆಂಪಿನ ಕಂಠ ನುಡಿಸಿದೆ.

ಚಿಕ್ಕಿ ಒದ್ದರು. ಬಕೆಟ್ ಬಿತ್ತು. ಅಮ್ಮನೂ ಬಿದ್ದಳು.

"ಯಾವ ಮುಂಡೇದು ಅದು ಕಿರುಚಿದ್ದು?"

ಜೀರುಂಡೆ ಇರಬೇಕಮ್ಮ, ಅಂದೆ. ಕೆಂಪು ಅನರ್ಹ.

ಫೆಬ್ರವರಿ 9, ಸೋಮವಾರ. ಮಧ್ಯಾಹ್ನ.

 ನಗಬೇಕೋ ಹೆದರಬೇಕೋ... ಸಮಿತಿ ಖಚಿತವಾಗಿ ಹೇಳಲಾರದು.

ಸೈಲೆಂಟ್ ಮಾಡೆಲ್‌ಗೆ ವಿಚಾರಣೆ ಬೇಕಿಲ್ಲ; ಬೆಳಿಗ್ಗೆ ನೀಲಿಯ ಸರದಿ. ದನಿ ಗಂಭೀರವಾಗಿ ಬರಲೆಂದು ಸ್ಪೀಕರನ್ನು ಕೊಟ್ಟಿಗೆ ಹಿಂದಿನ ಖಾಲಿ ಡ್ರಮ್ಮಿನೊಳಗೆ ಇಟ್ಟೆ. ಫುಲ್ ವಾಲ್ಯೂಮ್. ಮಂಜು ಇತ್ತು. ಗುಡುಗುಡುಗುಡು... ಫುಸ್ಸ್.

ಇಲ್ಲಿಯ ಕಿವಿಗಳು ಮಂಜಿನಲ್ಲಿ ಇಂಥ ದನಿ ಕೇಳಿದರೆ ಕಂಪ್ರೆಸರ್ ಅಂದುಕೊಳ್ಳುವುದಿಲ್ಲ. ಆನೆ ಬಂದರೆ ಎಚ್ಚರಿಸುವ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಬಂತು: "ಸಿದ್ದರಾಜಣ್ಣನ ಕೊಟ್ಟಿಗೆ ಹಿಂದೆ ಒಂಟಿ ಸಲಗ. ಯಾರೂ ತೋಟಕ್ಕೆ ಇಳೀಬೇಡಿ." ಸಿದ್ದರಾಜಣ್ಣ ಅಂದರೆ ನಮ್ಮ ಅಪ್ಪ. ಹಿಂದೆಯೇ ಇನ್ನೊಂದು: "ನಾನೂ ಕೇಳಿದೆ. ದೊಡ್ಡದು." ಮೂರನೆಯವರಂತೂ ಕೊಂಬನ್ನೂ ನೋಡಿದ್ದರು.

ಓಡಿಹೋಗಿ ಆಫ್ ಮಾಡುವಷ್ಟರಲ್ಲಿ ಅಪ್ಪ ಪಟಾಕಿ ಹಿಡಿದು ಶೆಡ್ಡಿನ ಮೇಲೆ. ಅರಣ್ಯದವರ ಜೀಪು ಬಂತು. ಜಯಪ್ರಕಾಶಣ್ಣನ ಜೀಪು ಅರ್ಧದಾರಿಯಿಂದ ವಾಪಸು ಹೋಯಿತು. ಪಿಕಿಂಗ್ ಹೆಂಗಸರಿಗೆ ಕೆಲಸವಿಲ್ಲ.

ಆ ಗದ್ದಲದಲ್ಲಿ ಜಾಗ ಬಿಟ್ಟು ಕದಲದವರು ಇಬ್ಬರೇ. ಅಮ್ಮ, ಚಿಕ್ಕಿ. ಬಕೆಟ್ ತುಂಬಿತ್ತು.

ಅದೇ ದಿನ, ಸಂಜೆ.

ಅಮ್ಮನ ವಾದ, ಒಲೆ ಮುಂದೆ: "ಒಂಟಿ ಸಲಗ ಗೋಡೆ ಆಚೆ ನಿಂತು ಗುಡುಗಿದ್ರೂ ಹಾಲು ಕೊಟ್ಲು ಚಿಕ್ಕಿ. ನಿನ್ನ ಮಗಳ ಮಿಷಿನ್‌ಗೆ ಹೆದರ್ತಾಳಾ?"

ಅಪ್ಪ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. "ತಗೊಂಬರ್ಲಿ ಬಿಡು, ಏನ್ ತರ್ತಾಳೋ."

ಜಯ ಜಯ. ಸಮಿತಿಯ ಇತಿಹಾಸದಲ್ಲೇ ಮೊದಲ ಗೆಲುವು. ಶೆಡ್ಡಿಗೆ ಹೋಗಿ ಅಕ್ಕನಿಗೆ ಎಲ್ಲವನ್ನೂ ಹೇಳಿದೆ — ಡ್ರಮ್ಮು, ಸ್ಪೀಕರ್, ಸಲಗ. ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ ಅಂದುಕೊಂಡಿದ್ದೆ.

ನಗಲಿಲ್ಲ.

"ಆ ಹೆಂಗಸರ ಇವತ್ತಿನ ಕೂಲಿ ಹೋಯ್ತಲ್ಲೋ. ನಾಳೆ ನಿಜವಾಗ್ಲೂ ಆನೆ ಬಂದು, ಯಾರೋ ಸುಳ್ಳು ಅಂದ್ಕೊಂಡು ತೋಟಕ್ಕೆ ಇಳಿದ್ರೆ?"

ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟಳು.

"ಇಲ್ಲದಿರೋ ಆನೆ ಮೇಲೆ ಕಟ್ಟಿದ ಗ್ಯಾರೇಜ್ ನಂಗೆ ಬೇಡ. ಹೋಗಿ ಅಪ್ಪಂಗೆ ಹೇಳು."

ಈಗ ಹೋಗುತ್ತಿದ್ದೇನೆ. ಅಧ್ಯಕ್ಷರು ಮರಳಿ ಬಾರದಿದ್ದರೆ ಈ ಪೆನ್ನು ಅಮ್ಮನಿಗೆ.

ಫೆಬ್ರವರಿ 15, ಭಾನುವಾರ.

ಇಷ್ಟು ದಿನ ಬರೆಯಲಿಲ್ಲ. ಬೆರಳು ಮಡಚಲು ಬರುತ್ತಿರಲಿಲ್ಲ.

ಅಪ್ಪ ಹೊಡೆಯಲಿಲ್ಲ. "ನಾನು ಪಟಾಕಿ ಹಿಡ್ಕೊಂಡು ತಗಡಿನ ಮೇಲೆ ನಿಂತಿದ್ದು ನಿನ್ನ ಡ್ರಮ್ಮಿಗೇನ್ಲಾ?" ಅಷ್ಟೇ ಕೇಳಿದರು. ಆಮೇಲೆ ತೀರ್ಪು: ಗ್ರೂಪಿನಲ್ಲಿ ಹೆಸರು ಹಾಕಿ ತಪ್ಪೊಪ್ಪಿಗೆ. ಜೊತೆಗೆ ವಾರವಿಡೀ ಆ ಹೆಂಗಸರ ಜೊತೆ ಪಿಕಿಂಗ್ — ನಾನು ಕಿತ್ತದ್ದೆಲ್ಲ ಅವರ ಚೀಲಕ್ಕೆ. ಅವರು ನನ್ನನ್ನು "ಸಲಗ" ಅಂತ ಕರೆಯುತ್ತಾರೆ. "ಸಲಗಾ, ಮೇಲಿನ ರೆಂಬೆ ಬಗ್ಗಿಸು." "ಸಲಗಾ, ಹಸಿಕಾಯಿ ಕೀಳ್ಬೇಡ." ಬುತ್ತಿಯಲ್ಲಿ ಪಾಲೂ ಕೊಡುತ್ತಾರೆ.

ಕಂಪ್ರೆಸರ್‌ಗೆ ಕೊಟ್ಟ ಒಪ್ಪಿಗೆ ರದ್ದು. ಅಕ್ಕ ಜಗಳ ಮಾಡಲಿಲ್ಲ. ಇವತ್ತು ಅಪ್ಪನ ಎದುರು ಕೂತು ಹೇಳಿದಳು: "ಧರ್ಮೇಂದ್ರಣ್ಣ ನೀಲಿದನ್ನೇ ಟ್ರಯಲ್‌ಗೆ ಕೊಡ್ತಾರೆ. ನೀವೇ ಮುಂದೆ ನಿಂತ್ಕೊಳ್ಳಿ. ಚಿಕ್ಕಿ ಹಾಲು ಬಿಡ್ಲಿಲ್ಲ ಅಂದ್ರೆ ನಾನೇ ವಾಪಸ್ ಹಾಕಿ ಬರ್ತೀನಿ. ಆಮೇಲೆ ಈ ಮಾತೇ ಎತ್ತಲ್ಲ."

ಅಪ್ಪ ಹೂಂ ಅಂದರು. ಅಕ್ಕನ ಮುಖ ನೋಡಲಾಗಲಿಲ್ಲ ನನಗೆ.

ಫೆಬ್ರವರಿ 17, ಮಂಗಳವಾರ. ಸಂಜೆ.

ಅಧಿಕೃತ ವರದಿ.

ಸ್ಥಳ: ಶೆಡ್ಡು. ಗೋಡೆಯ ಆಚೆ ಚಿಕ್ಕಿ, ಅಮ್ಮ, ಬಕೆಟ್. ಬಾಗಿಲಲ್ಲಿ ಅಪ್ಪ, ಕೈಕಟ್ಟಿ. ಅಧ್ಯಕ್ಷರಿಗೆ ಒಳಗೆ ಪ್ರವೇಶವಿಲ್ಲ. ಕೊಟ್ಟಿಗೆ ಹಿಂದೆ ವೈರ್ ಕಾಯುವ ಕೆಲಸ.

ಅಕ್ಕ ಸ್ವಿಚ್ ಹಾಕಿದಳು. ನೀಲಿ ಗುಂಯ್ ಅಂದು ಅಲ್ಲೇ ನಿಂತಿತು. ಕಾಫಿ ಹೂವಿಗೆ ನೀರು ಹಾಯಿಸಲು ಸುತ್ತಲಿನ ತೋಟಗಳಲ್ಲೆಲ್ಲ ಸ್ಪ್ರಿಂಕ್ಲರ್ ಮೋಟಾರು ಓಡುವ ಕಾಲ, ಸಂಜೆ ವೋಲ್ಟೇಜ್ ನೆಲ ಕಚ್ಚಿರುತ್ತದೆ.

"ಆಯ್ತಲ್ಲ," ಅಂದರು ಅಪ್ಪ.

"ತಡೀರಿ ಅಪ್ಪಾಜಿ. ಅಂಗಡೀಲಿ ತುಂಬಿದ ಗಾಳಿ ಹೊಟ್ಟೇಲೇ ಇದೆ. ತುಂಬಿದ ಹೊಟ್ಟೇಲಿ ಏಳಕ್ಕೆ ಯಾರಿಗಾದ್ರೂ ಕಷ್ಟ."

ಟ್ಯಾಂಕಿನ ಗಾಳಿಯನ್ನೆಲ್ಲ ಹೊರಗೆ ಬಿಟ್ಟಳು. ಮತ್ತೆ ಸ್ವಿಚ್. ಬೆಲ್ಟು ಒಮ್ಮೆ ತಡವರಿಸಿತು... ಹಿಡಿದುಕೊಂಡಿತು. ಗುಡುಗುಡುಗುಡು. ಗೇಜಿನ ಮುಳ್ಳು ಮೆಲ್ಲಗೆ ಏರಿತಂತೆ.

ಗೋಡೆಯ ಆಚೆ ಚಿಕ್ಕಿ ಒಂದು ಕಿವಿ ತಿರುಗಿಸಿದರು. ಮತ್ತೆ ಮೆಲುಕು. ಬಕೆಟಿನಲ್ಲಿ ಹಾಲಿನ ಸದ್ದು ನಿಲ್ಲಲೇ ಇಲ್ಲ.

ಅಪ್ಪ ಬಕೆಟ್ ಇಣುಕಿ ನೋಡಿದರು. ಹೊರಗೆ ಹೋದರು. ಅಕ್ಕ ಸ್ವಿಚ್ ಆಫ್ ಮಾಡಿ ಹಾಗೇ ನಿಂತಿದ್ದಳು. ಅಪ್ಪ ವಾಪಸು ಬಂದರು — ತಮ್ಮ ಹಳೆಯ ಸ್ಕೂಟರ್ ತಳ್ಳಿಕೊಂಡು.

"ಹಿಂದಿನ ಚಕ್ರದಲ್ಲಿ ಗಾಳಿ ಕಮ್ಮಿ ಅದೆ, ನೋಡಮ್ಮ."

ಅಕ್ಕ ಕೂತು ನಾಝಲ್ ಹಿಡಿದಳು. ಮುಖ ಬಗ್ಗಿಸಿಯೇ ಇದ್ದಳು, ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು. ಜಯಪ್ರಕಾಶಣ್ಣನಿಗೆ ಫೋನ್ ಹೋಗಿದೆ. ನಾಳೆ ಬೆಳಿಗ್ಗೆ ಮೂರು ಜೀಪು ಬರುತ್ತವೆ. ಬೋರ್ಡು ಬರೆಯುವ ಗುತ್ತಿಗೆ ಸಮಿತಿಗೆ.

ಇಲ್ಲಿಗೆ ವರದಿ ಮುಗಿಸಬಹುದಿತ್ತು.

ಆದರೆ ಓದುವವರು ಯಾರೂ ಇಲ್ಲವಾದ್ದರಿಂದ ಒಂದು ವಿಷಯ. ಅಕ್ಕ ಟ್ಯಾಂಕಿನ ಗಾಳಿ ಬಿಟ್ಟಳಲ್ಲ — ಫುಸ್ಸ್ — ಆಗ ನಾನು ಕೊಟ್ಟಿಗೆ ಹಿಂದೆ ಒಬ್ಬನೇ. ನಾನೇ ರೆಕಾರ್ಡ್ ಮಾಡಿದ, ನಾನೇ ಊರಿಗೆಲ್ಲ ಕೇಳಿಸಿದ ಸದ್ದು. ವೈರ್ ಬಿಸಾಡಿ, ಬೇಲಿ ಹಾರಿ, ಸೀಬೆಮರದ ಅರ್ಧದಲ್ಲಿದ್ದೆ. ಮುಳ್ಳು ಏರಿದ್ದನ್ನು "ಏರಿತಂತೆ" ಅಂತ ಬರೆದದ್ದು ಅದಕ್ಕೇ.

ಮನೆಯವರು ಯಾರೂ ನೋಡಲಿಲ್ಲ. ಚಿಕ್ಕಿ ನೋಡಿದರು, ಕಿಟಕಿಯಿಂದ. ಆ ಕಿವಿ ತಿರುಗಿಸಿದ್ದು ಕಂಪ್ರೆಸರ್ ಕಡೆಗಲ್ಲ, ನನ್ನ ಕಡೆಗೆ.