ಜೂನ್‌ವರೆಗೆ ಬೇಕಾದವನು

ಟೊಲೀಡೊ
ಮಾರ್ಚ್ 2, ಭಾನುವಾರ ಮಧ್ಯಾಹ್ನ

ನನ್ನ ಕಾರ್ಲಿಸ್,

ನಿನ್ನ ಕ್ರಿಸ್‌ಮಸ್ ಪತ್ರ ಅಡುಗೆಮನೆಯ ಕಿಟಕಿಗೆ ಒರಗಿ ನಿಂತು, ಒಲೆಯ ಹಬೆಗೆ ಅಂಚು ಮುದುರಿಸಿಕೊಂಡಿದೆ. ದಿನವೂ ಅದನ್ನು ನೋಡುತ್ತೇನೆ, ದಿನವೂ ನಾಳೆ ಎನ್ನುತ್ತೇನೆ. ಕ್ಷಮಿಸು. ಸೋಮಾರಿತನ ಎಂದು ಒಪ್ಪಿಕೊಂಡರೆ ಸುಲಭವಾಗಿ ಮುಗಿಯುತ್ತಿತ್ತು. ಆದರೆ ನಿಜ ಬೇರೆ. ನಮ್ಮದೆಂದು ಯಾವ ಊರಿನ ವಿಳಾಸ ಹಾಕಿ ಬರೆಯುವುದು ಎಂದು ತಿಳಿಯುವವರೆಗೆ ಕಾಯೋಣ ಎಂದುಕೊಂಡಿದ್ದೆ. ಈಗ ತಿಳಿಯಿತು. ಅದೇ ವಿಳಾಸ, ಅದೇ ಹಳದಿ ಬಾಗಿಲಿನ ಮನೆ.

ಫೋನಿನಲ್ಲಿ ಗಂಡಂದಿರ ಆಟದ ವಿಷಯ ಬೇಡ ಎಂದು ನಾವಿಬ್ಬರೂ ಮಾಡಿಕೊಂಡ ಒಪ್ಪಂದ ಒಳ್ಳೆಯದೇ ಆಯಿತು. ಬ್ಯಾಸ್ಕೆಟ್‌ಬಾಲ್ ಆಟಗಾರರ ಹೆಂಡತಿಯರ ಒಂದು ಸಾಲು ಸಂದೇಶ ಕೈತಪ್ಪಿದರೂ ಸಂಜೆಯ ರೇಡಿಯೊದಲ್ಲಿ ಚರ್ಚೆಗೆ ಬರುತ್ತದೆ. ಕಾಗದಕ್ಕೆ ಅಷ್ಟು ಅವಸರವಿಲ್ಲ.

ನಿನ್ನ ಲವೆಲ್‌ನ ಹಿಮ್ಮಡಿ ಹೇಗಿದೆ? ಪೋರ್ಟ್‌ಲ್ಯಾಂಡಿನ ಮಳೆ ನಿನಗೆ ಒಗ್ಗಿತೇ? ನಿಮ್ಮನ್ನು ಅಲ್ಲಿಗೆ ಕಳಿಸಿದ ಆ ರಾತ್ರಿಯ ಆಟವನ್ನು ನಾನು ಇನ್ನೂ ಮರೆತಿಲ್ಲ. ನೀನು ನನ್ನ ಪಕ್ಕದಲ್ಲೇ ಕೂತಿದ್ದೆ. ಎರಡನೇ ಅವಧಿಯ ನಡುವೆ ಲವೆಲ್‌ನನ್ನು ಹೊರಗೆ ಕರೆದರು. ಗಾಯವಿಲ್ಲ, ತಪ್ಪಿಲ್ಲ. ಬೆಂಚಿನಲ್ಲಿದ್ದ ಹುಡುಗರು ಒಬ್ಬೊಬ್ಬರಾಗಿ ಎದ್ದು ಅವನನ್ನು ಅಪ್ಪಿಕೊಳ್ಳತೊಡಗಿದರು. ಪ್ರಕಟಣೆ ಬರಲು ಇನ್ನೂ ಎಷ್ಟೋ ಹೊತ್ತಿತ್ತು. ಮೂರನೆಯವನು ಅಪ್ಪಿಕೊಳ್ಳುವಷ್ಟರಲ್ಲಿ ನೀನು ಕೋಟು ಎತ್ತಿಕೊಂಡು ನಿಂತುಬಿಟ್ಟಿದ್ದೆ. "ಹೋಯ್ತು ಕಣೆ. ಬೇರೆ ಕ್ಲಬ್ಬಿಗೆ ಕೊಟ್ರು," ಎಂದೆ. ನಮ್ಮ ಈ ಕಸುಬಿನಲ್ಲಿ ಅಪ್ಪುಗೆಗೆ ಅದೊಂದೇ ಅರ್ಥ.

ಥ್ಯಾಡ್ ನವೆಂಬರಿನಿಂದ ಮನೆಯಲ್ಲಿದ್ದಾನೆ. ಪತ್ರಿಕೆಗಳಲ್ಲಿ 'ಮಂಡಿಗೆ ವಿಶ್ರಾಂತಿ' ಎಂದಿದೆ. ಅವನ ಮಂಡಿ ಚೆನ್ನಾಗಿದೆ. ಥ್ಯಾಂಕ್ಸ್‌ಗಿವಿಂಗ್‌ಗೆ ಎರಡು ದಿನ ಇರುವಾಗ ಕ್ಲಬ್ಬಿನಿಂದ ಫೋನ್ ಬಂತು: ನಾಳೆಯಿಂದ ಬರಬೇಡಿ, ಸಂಬಳ ಪೂರ್ತಿ ಬರುತ್ತದೆ, ಎಲ್ಲೂ ಆಡಬೇಡಿ, ಕೈಗೆ ಸಿಗುವಂತಿರಿ. ಚರ್ಚಿನ ಅಂಗಳದಲ್ಲಿ ಮಕ್ಕಳ ಜೊತೆ ಚೆಂಡು ಹಿಡಿಯುವುದೂ ಬೇಡವಂತೆ. ಜಾರಿ ಬಿದ್ದರೆ ಕ್ಲಬ್ಬಿಗೆ ನಷ್ಟ.

ನೆರಿಸ್ಸಾಗೆ ಈಗ ಹನ್ನೊಂದು. ಅವಳನ್ನು ಸುಳ್ಳು ಹೇಳಿ ಸುಮ್ಮನಿರಿಸಲಾಗುವುದಿಲ್ಲ.

"ಅಪ್ಪನ್ನ ತಂಡದಿಂದ ತೆಗೆದ್ರಾ?"

"ಇಲ್ಲ ಕಂದ."

"ಹಾಗಾದ್ರೆ ಆಡ್ತಾನಾ?"

"ಇಲ್ಲ."

"ಮತ್ತೇನು ಮಾಡ್ತಾನೆ?"

"ಇರ್ತಾನೆ," ಎಂದೆ. ಇದಕ್ಕಿಂತ ಒಳ್ಳೆಯ ಉತ್ತರ ಇವತ್ತಿಗೂ ಹೊಳೆದಿಲ್ಲ.

ಆಮೇಲೆ ಕೂರಿಸಿಕೊಂಡು ವಿವರಿಸಿದೆ. ಅಪ್ಪನ ಕ್ಲಬ್ಬು ಲ್ಯಾಂಟರ್ನ್ಸ್‌ನವರು ಹಳೆಯ ತಂಡವನ್ನು ಕಳಚಿ ಹೊಸದನ್ನು ಕಟ್ಟುತ್ತಿದ್ದಾರೆ. ಕಟ್ಟಲು ಹೊಸ ಹುಡುಗರು ಬೇಕು. ಜೂನ್ ತಿಂಗಳ ಡ್ರಾಫ್ಟಿನಲ್ಲಿ ಎಲ್ಲ ತಂಡಗಳೂ ಒಂದರ ನಂತರ ಒಂದು, ಸರದಿಯಂತೆ ಅವರನ್ನು ಆರಿಸಿಕೊಳ್ಳುತ್ತವೆ. ಹೆಚ್ಚು ಸೋತ ತಂಡಗಳಿಗೆ ಮೊದಲು ಆರಿಸುವ ಸರದಿ ಸಿಗುವ ಸಂಭವ ಹೆಚ್ಚು. ಅಪ್ಪ ಆಡಿದರೆ ತಂಡ ಅಲ್ಲೊಂದು ಇಲ್ಲೊಂದು ಗೆದ್ದುಬಿಡುತ್ತದೆ. ಮನೆಯಲ್ಲಿಟ್ಟುಕೊಂಡರೆ, ಬೇರೆ ಯಾವುದಾದರೂ ಕ್ಲಬ್ಬು ಅವನಿಗೆ ಬದಲಾಗಿ ತನ್ನ ಮುಂದಿನ ವರ್ಷಗಳ ಸರದಿಯೊಂದನ್ನು ಕೊಟ್ಟರೂ ಕೊಡಬಹುದು.

ಅವಳು ಯೋಚಿಸಿದಳು. "ಅಂದ್ರೆ ಅಪ್ಪ ಚೆನ್ನಾಗಿ ಆಡ್ತಾನೆ ಅಂತ ಮನೇಲಿ ಕೂರಿಸಿದಾರಾ?"

ಥ್ಯಾಡ್ ನೆಲಮಾಳಿಗೆಯ ಮೆಟ್ಟಿಲಿಂದ ಕೂಗಿದ: "ಇದನ್ನ ಬರ್ಕೊಡು ಮಗಳೇ, ಕಟ್ಟು ಹಾಕಿಸಿ ಇಟ್ಕೋತೀನಿ!"

ಅವತ್ತು ಮೂವರೂ ನಕ್ಕೆವು. ಆಗಿನ್ನೂ ನವೆಂಬರ್.

ಊರಿನ ಸಂಭ್ರಮ ನೀನು ನೋಡಬೇಕಿತ್ತು. ನೀನಿದ್ದಾಗ ಸೋತರೆ ಶಾಪ ಹಾಕುತ್ತಿದ್ದರಲ್ಲ, ಅದೇ ಜನ ಈಗ ಗೆದ್ದರೆ ಮುಖ ಸಿಂಡರಿಸುತ್ತಾರೆ. ಪಕ್ಕದ ಮನೆಯ ಸ್ಟ್ಯಾನ್ ನೊವಿಟ್ಸ್ಕಿ ನಿನಗೆ ನೆನಪಿರಬೇಕು. ಗಾಜಿನ ಕಾರ್ಖಾನೆಯಿಂದ ನಿವೃತ್ತನಾದ, ನಲವತ್ತು ವರ್ಷದಿಂದ ಒಂದೇ ಸೀಟಿನಲ್ಲಿ ಕೂತು ಆಟ ನೋಡುವ ಮುದುಕ. ಈಸ್ಟರ್‌ಗೆ ಮುಂಚಿನ ಉಪವಾಸ ಶುರುವಾಗುವ ಮೊದಲು ಮಾಡುವ ಪೂಂಚ್ಕಿಗಳನ್ನು ನಿನ್ನೆ ಡಬ್ಬಿ ತುಂಬ ತಂದ. ಒಳಗೆ ಪ್ಲಮ್ ಹಣ್ಣಿನ ಪಾಕವಿರುವ ಆ ಕರಿದ ಉಂಡೆಗಳಿಗೆ ನೀನು ಜೀವ ಬಿಡುತ್ತಿದ್ದೆ. ಬಾಗಿಲಲ್ಲೇ ಶುರುಮಾಡಿದ.

"ಸೋತ್ವಿ ಕಣಮ್ಮಾ! ಇಪ್ಪತ್ತಾರು ಪಾಯಿಂಟು! ದೇವರು ಕಣ್ಬಿಟ್ಟ."

"ಒಳಗೆ ಬನ್ನಿ ಸ್ಟ್ಯಾನ್, ಚಳಿ ಒಳಗೆ ಬರ್ತಿದೆ."

"ಥ್ಯಾಡ್, ಬೇಜಾರು ಮಾಡ್ಕೋಬೇಡಪ್ಪ. ನಿನ್ನಿಂದ ಒಂದು ಮೊದಲನೇ ಸುತ್ತಿನ ಸರದಿ ಬಂದ್ರೆ ನಮ್ಮ ಹಾಲ್‌ನಲ್ಲಿ ನಿನ್ನ ಫೋಟೋ ಹಾಕಿಸ್ತೀನಿ."

"ಎರಡನೇ ಸುತ್ತಿಂದು ಬಂದ್ರೆ?"

"ಒಂದು ಬಿಯರ್ ಕೊಡಿಸ್ತೀನಿ."

"ಏನೂ ಬರದಿದ್ರೆ?"

"ನೀನೇ ಕೊಡಿಸಪ್ಪ. ಸಂಬಳ ಬರ್ತಿದೆಯಲ್ಲ!"

ಥ್ಯಾಡ್ ಬೆನ್ನು ಬಗ್ಗಿಸಿ ನಕ್ಕ. ಸ್ಟ್ಯಾನ್‌ಗೆ ಅವನ ಮೇಲೆ ಪ್ರೀತಿಯಿದೆ, ಅದರಲ್ಲಿ ಅನುಮಾನವಿಲ್ಲ. ಮುಂದಿನ ಜುಲೈನಲ್ಲಿ ಕರಾರು ಮುಗಿದ ದೊಡ್ಡ ಆಟಗಾರರೆಲ್ಲ ಮಾರುಕಟ್ಟೆಗೆ ಬರುತ್ತಾರೆ, ಅವರಲ್ಲೊಬ್ಬ ಹುಲಿ ಟೊಲೀಡೊಗೇ ಬರುತ್ತಾನೆ ಎಂದು ಅವನು ಕೈಮೇಲೆ ಕೈ ತಟ್ಟಿ ಹೇಳಿದ. "ಜುಲೈನಲ್ಲಿ ಕರ್ಕೊಂಡು ಬನ್ನಿ," ಎಂದ ಥ್ಯಾಡ್. "ಇಲ್ಲಿನ ಜನವರಿ ಚಳಿ ಮಾತ್ರ ತೋರಿಸ್ಬೇಡಿ." ಆ ಹುಲಿಗೆ, ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕಿರುವ ಮಿತಿಯೊಳಗೆ ಜಾಗ ಬೇಕಲ್ಲ, ಆ ಜಾಗ ಥ್ಯಾಡ್ ಕೂತಿರುವ ಜಾಗವೇ. ಇಬ್ಬರಿಗೂ ಗೊತ್ತು. ಇಬ್ಬರೂ ಪೂಂಚ್ಕಿ ತಿಂದರು.

ಕ್ಲಬ್ಬು ಕೂಡಿಟ್ಟಿರುವ ಸರದಿಗಳಲ್ಲಿ ಕೆಲವು ಆರೇಳು ವರ್ಷ ಮುಂದಿನವು. ಒಂದು ದಿನ ಪಾಠದ ನಡುವೆ ನನಗೆ ತಟ್ಟನೆ ಹೊಳೆಯಿತು: ಆಗ ಆರಿಸಲ್ಪಡುವ ಹುಡುಗರು ಈಗ ನನ್ನ ಏಳನೇ ತರಗತಿಯ ಹುಡುಗರ ವಯಸ್ಸಿನವರು. ಎಲ್ಲೋ ಒಬ್ಬ ಹುಡುಗ ಭಿನ್ನರಾಶಿಯ ಲೆಕ್ಕ ತಪ್ಪು ಮಾಡುತ್ತ ಕೂತಿದ್ದಾನೆ. ಅವನ ಹೆಸರು ಅವನ ಊರಿನ ಆಚೆ ಯಾರಿಗೂ ಗೊತ್ತಿಲ್ಲ. ಆದರೂ ಅವನಿಗಾಗಿ ನನ್ನ ಗಂಡ ನೆಲಮಾಳಿಗೆಯಲ್ಲಿ ಓಟದ ಯಂತ್ರದ ಮೇಲೆ ಓಡುತ್ತಿದ್ದಾನೆ. ಆ ಮಗುವಿನ ಮೇಲೆ ನನಗೆ ಕೋಪ ಬಂತು. ಎಂಥ ಕೋಪ ಇದು, ಎಂದು ಬೋರ್ಡಿಗೆ ಮುಖ ಮಾಡಿ, ಬರೆದ ಲೆಕ್ಕವನ್ನೇ ಮತ್ತೆ ಬರೆದೆ.

ನಿನಗೆ ಈಗ ಫೆಬ್ರವರಿಯ ಸುದ್ದಿ ಹೇಳಬೇಕು. ಕ್ಲಬ್ಬುಗಳ ನಡುವೆ ಆಟಗಾರರ ಅದಲುಬದಲಿಗೆ ಕೊನೆಯ ಗಡುವು ಮೊದಲ ಗುರುವಾರ ಮಧ್ಯಾಹ್ನ ಮೂರು ಗಂಟೆ. ಥ್ಯಾಡ್‌ನ ಸೂಟ್‌ಕೇಸು ಡಿಸೆಂಬರಿನಿಂದ ಬಾಗಿಲ ಬಳಿ ಇದೆ. ನೆರಿಸ್ಸಾ ಅದರ ಮೇಲೆ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಾಳೆ. ಅವತ್ತು ನಾನು ಅರ್ಧ ದಿನ ರಜೆ ಹಾಕಿ ಮನೆಗೆ ಬಂದೆ. ಮೂರು ಹೊಡೆಯಿತು. ಲ್ಯಾಂಟರ್ನ್ಸ್ ಇನ್ನಿಬ್ಬರನ್ನು ಕೊಟ್ಟು ಎರಡು ಸರದಿ ತಂದರು. ನಮ್ಮ ಫೋನ್ ಮಾತ್ರ ಸುಮ್ಮನಿತ್ತು. ಥ್ಯಾಡ್ ಮುಸುಕಿನ ಜೋಳದ ಬ್ರೆಡ್ಡನ್ನು ಓವನ್ನಿನಿಂದ ತೆಗೆದು, "ಸ್ವಲ್ಪ ಸೀದಿದೆ," ಎಂದ.

ಇನ್ನೊಂದು ಬಾಗಿಲು ಉಳಿದಿತ್ತು. ಫೆಬ್ರವರಿ ಮುಗಿಯುವುದರೊಳಗೆ ಕ್ಲಬ್ಬು ಅವನನ್ನು ಬಿಟ್ಟುಕೊಟ್ಟರೆ ಬೇರೆ ತಂಡ ಸೇರಿ ಈ ವಸಂತದ ಕೊನೆಯ ಪಂದ್ಯಗಳಲ್ಲಿ ಆಡಬಹುದು. ಅವನಿಗೆ ಬೇಕಾಗಿರುವುದು ಅಷ್ಟೇ, ಕಾರ್ಲಿಸ್. ಒಂದು ಸಲ, ಜನ ಗೆಲುವಿಗಾಗಿ ಕೂಗುವ ಅಂಗಳದಲ್ಲಿ. ಜೂನ್‌ಗೆ ಅವನಿಗೆ ಮೂವತ್ತೇಳು. ಇಡೀ ವರ್ಷ ಆಡದ ಮೂವತ್ತೇಳರವನನ್ನು ಜುಲೈನಲ್ಲಿ ಯಾರು ಕರೆಯುತ್ತಾರೆ? ಎರಡು ತಂಡಗಳು ಅವನ ಏಜೆಂಟನ್ನು ಕೇಳಿದ್ದವು. ಏಜೆಂಟ್ ಕ್ಲಬ್ಬನ್ನು ಕೇಳಿದ. ಕ್ಲಬ್ಬು 'ನೋಡೋಣ' ಎಂದಿತು.

ಹಾಗಾಗಿ ನಾನೇ ಕ್ಲಬ್ಬಿನ ಕಚೇರಿಗೆ ಹೋದೆ. ಥ್ಯಾಡ್‌ಗೆ ಹೇಳಲಿಲ್ಲ. ಮ್ಯಾನೇಜರ್ ಗ್ರೇಡನ್ ವಿಟ್‌ಕಂಬ್ ನಮಗಿಂತ ಚಿಕ್ಕವನು, ಒಳ್ಳೆಯ ನಡತೆಯವನು, ಅದೇ ಕಷ್ಟ. ಎದ್ದು ನಿಂತು ಕುರ್ಚಿ ಎಳೆದುಕೊಟ್ಟ.

"ಥ್ಯಾಡ್ ಅಂದ್ರೆ ನಮಗೆಲ್ಲ ತುಂಬಾ ಗೌರವ, ಮಿಸೆಸ್ ಮೇಬ್ರಿ."

"ಗೌರವ ಇದ್ರೆ ಬಿಟ್ಟುಬಿಡಿ."

"ಆಗಲ್ಲ ಮೇಡಂ. ಅವರ ಕರಾರಿನಲ್ಲಿ ಇನ್ನೊಂದು ವರ್ಷ ಇದೆ. ಜೂನ್ ಕೊನೆ ಒಳಗಾದ್ರೆ ಆ ವರ್ಷದ ಸಂಬಳ ಕೊಡದೇ ಅದನ್ನ ರದ್ದು ಮಾಡ್ಬಹುದು, ಅದೇ ಅದರ ಬೆಲೆ. ಡ್ರಾಫ್ಟ್ ದಿನ ಯಾವುದಾದ್ರೂ ಕ್ಲಬ್ಬಿಗೆ ಸಂಬಳದ ಹೊರೆ ಇಳಿಸ್ಬೇಕಿರುತ್ತೆ. ಅವರು ದುಬಾರಿ ಆಟಗಾರನೊಬ್ಬನ ಬದಲಿಗೆ ಥ್ಯಾಡ್‌ನ ತಗೋತಾರೆ, ಮಾರನೇ ದಿನ ಕರಾರು ರದ್ದು ಮಾಡ್ತಾರೆ. ನಮಗೆ ಒಂದು ಸರದಿ ಸಿಗುತ್ತೆ."

"ಅಂದ್ರೆ ಅವನನ್ನ ಬಿಡೋದಕ್ಕೋಸ್ಕರವೇ ಕೊಂಡ್ಕೋತಾರೆ."

"ಹಾಗೆ ಹೇಳಿದ್ರೆ ಕೇಳೋಕೆ ಕೆಟ್ಟದಾಗಿರುತ್ತೆ," ಎಂದ.

"ಹೇಗೆ ಹೇಳಿದ್ರೆ ಚೆನ್ನಾಗಿರುತ್ತೆ, ಹೇಳಿ. ಮನೇಲಿ ಹಾಗೇ ಹೇಳ್ತೀನಿ."

"ಮೇಡಂ, ಆ ಸರದಿ ತರದಿದ್ರೆ ಜುಲೈನಲ್ಲಿ ಈ ಕುರ್ಚೀಲಿ ನಾನೂ ಇರಲ್ಲ. ನನ್ನ ಹೆಂಡತಿ ತುಂಬಿದ ಬಸುರಿ. ನಾವಿನ್ನೂ ತೊಟ್ಟಿಲು ಕೊಂಡಿಲ್ಲ, ಯಾವ ಊರಲ್ಲಿ ಕೊಳ್ಳೋದು ಅಂತ."

ಅವನ ಮೇಲೆ ಸಿಟ್ಟಾಗಬೇಕೆಂದು ಹೋದವಳು ತೊಟ್ಟಿಲ ಬಗ್ಗೆ ಸಲಹೆ ಕೊಟ್ಟು ಬಂದೆ. ಮಡಚುವಂಥದ್ದು ತಗೊಳ್ಳಿ, ಎಂದೆ. ಕಾರಿನಲ್ಲಿ ಕೂತ ಮೇಲೆ ನನ್ನನ್ನೇ ಕೇಳಿಕೊಂಡೆ: ನಾನು ಅಲ್ಲಿಗೆ ಹೋಗಿದ್ದು ಥ್ಯಾಡ್‌ಗಾಗಿಯೋ, ನನಗಾಗಿಯೋ? ಏಕೆಂದರೆ ನಮ್ಮ ಶಾಲೆಯಲ್ಲಿ ಉಪ ಮುಖ್ಯೋಪಾಧ್ಯಾಯಿನಿಯ ಜಾಗ ಖಾಲಿಯಾಗಿ, ಅದನ್ನು ನಾನೇ ವಹಿಸಿಕೊಳ್ಳಬೇಕೆಂದು ಜನವರಿಯಿಂದ ಕೇಳುತ್ತಿದ್ದಾರೆ. ಹದಿನಾಲ್ಕು ವರ್ಷದಲ್ಲಿ ಐದು ಊರು, ಐದು ಶಾಲೆ. ಪ್ರತಿ ಸಲವೂ ಹೊಸಬಳು, ಪ್ರತಿ ಸಲವೂ ಬೇರೆಯವರ ಕಪಾಟು. ಇದೊಂದು ಸಲ ನನ್ನನ್ನು ಯಾರೋ ಇಲ್ಲೇ ಇರು ಎನ್ನುತ್ತಿದ್ದಾರೆ. ಫೆಬ್ರವರಿ ಮುಗಿಯುವುದರೊಳಗೆ ಉತ್ತರ ಬೇಕು ಎಂದಿದ್ದರು. ಅವನಿಗೂ ನನಗೂ ಒಂದೇ ಗಡುವು. ಕ್ಲಬ್ಬು ಬಿಟ್ಟರೆ ಅವನು ಈ ವಸಂತ ಆಡಿ ಮುಗಿಸಬಹುದಿತ್ತು, ನಾನು ಇಲ್ಲೇ ಉಳಿಯುತ್ತೇನೆ ಎನ್ನಬಹುದಿತ್ತು.

ಶುಕ್ರವಾರ ಫೆಬ್ರವರಿ ಮುಗಿಯಿತು. ಕ್ಲಬ್ಬು ಬಿಡಲಿಲ್ಲ. ಅದೇ ಮಧ್ಯಾಹ್ನ ನಾನು ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋಗಿ ಬೇಡ ಎಂದೆ. ಜೂನ್‌ನಲ್ಲಿ ಎಲ್ಲಿಗೆ ಎಂದು ಗೊತ್ತಿಲ್ಲದವಳು ಸೆಪ್ಟೆಂಬರಿಗೆ ಮಾತು ಕೊಡುವುದು ಸರಿಯಲ್ಲ ಎಂದು ವಿವರಿಸಿದೆ. ಅವರು, "ನಿನ್ನ ಗಂಡ ಏನಂತಾರೆ?" ಎಂದರು. ಅವನನ್ನು ನಾನು ಕೇಳಿರಲೇ ಇಲ್ಲ.

ಇಷ್ಟೇ ನಮ್ಮ ಸುದ್ದಿ. ಥ್ಯಾಡ್ ಬೆಳಿಗ್ಗೆ ಎರಡು ಗಂಟೆ ಹೊತ್ತು ಓಡುತ್ತಾನೆ, ಆಮೇಲೆ ಅಡುಗೆ ಮಾಡುತ್ತಾನೆ. ನಾನು ನಾಲ್ಕು ಕಿಲೊ ದಪ್ಪವಾಗಿದ್ದೇನೆ. ಮೌಮೀ ನದಿಯ ಮಂಜುಗಡ್ಡೆ ಒಡೆಯಲು ಶುರುವಾಗಿದೆ, ಶಾಲೆಗೆ ಹೋಗುವಾಗ ಸದ್ದು ಕೇಳುತ್ತದೆ.

ನಿನ್ನ ಮನೆ ಬೆಚ್ಚಗಿರಲಿ. ಲವೆಲ್‌ನ ಹಿಮ್ಮಡಿ ಅವನನ್ನು ಇನ್ನೂ ಎರಡು ವರ್ಷ ಹೊರಲಿ. ನಿನ್ನ ಪರದೆಗಳನ್ನು ನೀನೇ ಕೊಂಡ ಕಿಟಕಿಗೆ ತೂಗುಹಾಕುವ ದಿನ ಬೇಗ ಬರಲಿ ಎಂದು ಭಾನುವಾರಗಳಂದು ನಿನಗಾಗಿ ಕೇಳಿಕೊಳ್ಳುತ್ತೇನೆ.

ಪ್ರೀತಿಯ,
ಯೋಲಾಂಡ್

ಲಕೋಟೆ ಅಂಟಿಸುವ ಮೊದಲು, ಇದೊಂದು ಮಾತು.

ಆ ಗುರುವಾರದ ಬಗ್ಗೆ ಮೇಲೆ ಬರೆದದ್ದರಲ್ಲಿ ಒಂದನ್ನು ಬಿಟ್ಟಿದ್ದೇನೆ. ನಾನು ಮನೆಗೆ ಬಂದಾಗ ಮೂರಾಗಲು ಇನ್ನೂ ಸ್ವಲ್ಪ ಹೊತ್ತಿತ್ತು. ಥ್ಯಾಡ್ ಒಲೆಯ ಮುಂದೆ ನನಗೆ ಬೆನ್ನು ಮಾಡಿ ನಿಂತಿದ್ದ. ನುಣ್ಣಗೆ ಗಡ್ಡ ಹೆರೆದು, ಪ್ರಯಾಣದ ಅಂಗಿ ತೊಟ್ಟು, ಅದರ ಮೇಲೆ ನನ್ನ ಹೂವಿನ ಏಪ್ರನ್ ಕಟ್ಟಿಕೊಂಡಿದ್ದ. ಬೂಟು ಕೂಡ ಬಿಚ್ಚದೆ ಹೋಗಿ ಹಿಂದಿನಿಂದ ಅಪ್ಪಿಕೊಂಡೆ.

ಅವನು ಕೈಯಲ್ಲಿದ್ದ ಚಮಚವನ್ನು ಮೆಲ್ಲಗೆ ಕೆಳಗಿಟ್ಟ. ತಿರುಗಿ, "ಎಲ್ಲಿಗೆ?" ಎಂದ.

ಕ್ಲಬ್ಬಿನವರು ನನಗೆ ಮೊದಲು ಹೇಳಿದ್ದಾರೆ ಎಂದುಕೊಂಡಿದ್ದ. ಆಗಲೇ ಏಪ್ರನ್‌ನ ಗಂಟು ಬಿಚ್ಚುತ್ತಿದ್ದ. "ಎಲ್ಲಿಗಂತೆ, ಯೋಲಾ? ಎಷ್ಟು ಹೊತ್ತಿಗೆ?" ಆ ಮುಖ, ಕಾರ್ಲಿಸ್! ನಮ್ಮ ಮದುವೆಯ ದಿನದ ಮುಖ. ನೆರಿಸ್ಸಾ ಹುಟ್ಟಿದ ಬೆಳಿಗ್ಗೆಯ ಮುಖ. ಆಮೇಲೆ ನಾನು ಅದನ್ನು ಕಂಡಿರಲಿಲ್ಲ. ಅಷ್ಟೊಂದು ಸಂತೋಷದಲ್ಲಿ ನಾನು ಎಲ್ಲಾದರೂ ಇದ್ದೆನೇ ಎಂದು ಹುಡುಕಿದೆ. ಇನ್ನೂ ಹುಡುಕುತ್ತಿದ್ದೇನೆ.

"ಎಲ್ಲಿಗೂ ಇಲ್ಲ," ಎಂದೆ. "ಸುಮ್ಮನೆ."

"ಓ," ಎಂದ. ಏಪ್ರನ್ ಮತ್ತೆ ಕಟ್ಟಿಕೊಂಡ. ಆಮೇಲೇ ಮೂರು ಹೊಡೆದದ್ದು.

ಅವತ್ತಿನಿಂದ ನಾನು ಅವನನ್ನು ಅಪ್ಪಿಕೊಂಡಿಲ್ಲ. ಹುಸಿ ಸುದ್ದಿ ಕೊಟ್ಟಂತಾಗುತ್ತದೆ ಎಂದು. ಇವತ್ತು ಚರ್ಚಿಗೆ ಹೊರಡುವಾಗ ಅವನ ಹೆಗಲ ಮೇಲೆ ಪೂಂಚ್ಕಿಯ ಸಕ್ಕರೆಪುಡಿ ಬಿದ್ದಿತ್ತು. ಒರೆಸಲು ಕೈ ಎತ್ತಿದೆ. ಅವನು ಮೊದಲು ಫೋನಿನ ಕಡೆ ನೋಡಿದ.

ಲವೆಲ್‌ನನ್ನು ನೀನು ಈಗ ಅಪ್ಪಿಕೊಂಡರೆ ಅವನು ಏನು ಮಾಡುತ್ತಾನೆ? ಬೇರೆ ಯಾವ ಸುದ್ದಿಯೂ ಬೇಡ. ಇದೊಂದನ್ನು ಬರೆ.