ಅಪ್ಪನ ಬೋರ್ಡು

ಹಂಪಾಪುರ, ಅಕ್ಟೋಬರ್ ೧೨, ಭಾನುವಾರ

ಜಿಎಸ್‌ಟಿ ನೋಂದಣಿ ಅಮಾನತಾಗಿ ವಾರವಾಯಿತು. ಬಿಲ್ ಕೊಡುವಂತಿಲ್ಲ, ಪೈಪಿನ ಅಂಗಡಿ ಮುಚ್ಚಿದ್ದೇನೆ. ತಪಾಸಣೆಗೆ ಬಂದವರು ಹುಡುಕಿದ್ದು ನನ್ನ ಹೆಸರಿನ ಅಂಗಡಿಯನ್ನು. ಬೋರ್ಡಿನಲ್ಲಿ ಇದ್ದದ್ದು ತೀರಿಕೊಂಡ ಅಪ್ಪನ ಹೆಸರು. ನಾನು ಅವತ್ತು ಹುಣಸೂರಿಗೆ ಹೋಗಿದ್ದೆ. ಇಲ್ಲಿ ಇಂಥ ಅಂಗಡಿಯೇ ಇಲ್ಲವೆಂದು ಬರೆದುಕೊಂಡು ಹೋದರು.

ಆ ಸಿಟ್ಟಿನಲ್ಲೇ ಬೆಳಿಗ್ಗೆ ಸ್ಟೂಲ್ ಹತ್ತಿ ಬೋರ್ಡಿಗೆ ಬಿಳಿ ಪೇಂಟ್ ಬಳಿದೆ. ಆ ಅಕ್ಷರಗಳನ್ನು ಅಪ್ಪ ತಾನೇ ಬರೆದಿದ್ದ. ವೀರಭದ್ರಸ್ವಾಮಿ ಎನ್ನುವುದರಲ್ಲಿ ಭ ಸ್ವಲ್ಪ ಸೊಟ್ಟಗಿತ್ತು. ಅದು ಮುಚ್ಚಿಹೋಗಲು ಎರಡು ಸಲ ಬಳಿಯಬೇಕಾಯಿತು.

ಬಳಿದ ಬೋರ್ಡಿನ ಫೋಟೊ ಕಳಿಸಿದ ಮೇಲೆ, ನಮ್ಮ ತೆರಿಗೆ ಕೆಲಸ ನೋಡುವ ಚೆಲುವರಾಜು ಫೋನ್ ಮಾಡಿದ.

"ಅದ್ನ್ಯಾಕ್ ಅಳಿಸ್ದೆ ಕಣ್ಲಾ? ಪಕ್ಕದಲ್ಲಿ ನಿನ್ ಹೆಸ್ರಿಂದೊಂದು ಬೋರ್ಡ್ ಹಾಕಿ, ಫೋಟೊ ತೆಗ್ದು ನೋಟಿಸ್‌ಗೆ ಉತ್ರ ಕಳ್ಸಿದ್ರೆ ಸಾಕಾಗಿತ್ತು."

ಬಳಿಯುವ ಮೊದಲು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಅಪ್ಪ ಹೋದಾಗಿನಿಂದ ಪ್ರತಿ ಸೋಮವಾರ ಅವ್ವ ಅಂಗಡಿಗೆ ಬಂದು, ಅದೇ ಸ್ಟೂಲ್ ಹತ್ತಿ, ಆ ಹೆಸರಿಗೆ ವಿಭೂತಿ ಇಡುತ್ತಾಳೆ. ಅವಳಿಗೆ ಇನ್ನೂ ಹೇಳಿಲ್ಲ. ಈಗ ಊಟಕ್ಕೆ ಬಡಿಸುತ್ತಾ ಅಂದಳು:

"ಅಂಗ್ಡಿ ಮುಚ್ಚಿದ್ರೂ ನಾಳೆ ಬತ್ತೀನಿ ಕಣಪ್ಪ. ವಿಭೂತಿ ಮುಗ್ದೋಯ್ತು, ತಂದಿಡು."

ಹೂಂ ಅಂದೆ.